24 ಮೈಕ್ರಾನ್‌ನಾಗ ಧೂಳಿನ ಬೆಳಕು ಯಾಕ ಇಷ್ಟು ಕಡಿಮಿ ಬರ್ಲಾಕತ್ತದ?

ಪ್ರಶ್ನೆ (ಎಂಎಸ್ಸಿ ಭೌತಶಾಸ್ತ್ರ, ಕಲಬುರಗಿ)
ನಮಸ್ಕಾರ್ರಿ. ಸುರುಳಿ ಗೆಲಾಕ್ಸಿಯೊಳಗ ನಕ್ಷತ್ರದ ಬೆಳಕು ಧೂಳನ್ನ ಹೆಂಗ ಕಾಯಿಸ್ತದ ಅಂತ ಸ್ಕರ್ಟ್ (SKIRT, ಧೂಳಿನೊಳಗ ಬೆಳಕು ಹೆಂಗ ಹಾಯ್ತದ ಅಂತ ಲೆಕ್ಕ ಹಾಕೋ ಪ್ರೋಗ್ರಾಂ) ಕೋಡ್‌ನಾಗ ಮಾಡೆಲ್ ಮಾಡ್ಲಾಕತ್ತೀನಿ. ನಕ್ಷತ್ರಗಳಿಗೆ ಒಂದೇ ಡಿಸ್ಕ್: ವಯಸ್ಸು 800 ಕೋಟಿ ವರ್ಷ, ಸ್ಕೇಲ್ ಲೆಂಗ್ತ್ (ಡಿಸ್ಕಿನ ಹರವಿನ ಅಳತಿ) 4000 ಪಾರ್ಸೆಕ್, ಸ್ಕೇಲ್ ಹೈಟ್ (ದಪ್ಪದ ಅಳತಿ) 350. ಧೂಳು 4 ಕೋಟಿ ಸೂರ್ಯರಾಶಿ, ಹೈಟ್ 180. 10 ಲಕ್ಷ ಫೋಟಾನ್ ಪ್ಯಾಕೆಟ್ (ಲೆಕ್ಕಕ್ಕ ಬಿಡೋ ಬೆಳಕಿನ ಕಟ್ಟು), ಸಮತೋಲನ ತಾಪಮಾನ (ಕಣದ ಬಿಸಿ ಸ್ಥಿರ ಅಂತ ಹಿಡಿಯೋದು). 250 ಮೈಕ್ರಾನ್ ತರಂಗಾಂತರದ ಬೆಳಕು ನಿಜವಾಗಿ ಅಳೆದದ್ದಕ್ಕ ಹೊಂದ್ತದ, 24 ಮೈಕ್ರಾನಿಂದು ಪೂರಾ ಬಿದ್ದದ. ಅಂಚಿನಾಗ ಬಾಜೂ-ಬಾಜೂ ಇರೋ ಸೆಲ್‌ಗಳು (ಮಾಡೆಲ್ ಹೋಳು ಮಾಡಿದ ಸಣ್ಣ ಖಾನೆಗಳು) ಒಂದು 11 ಕೆಲ್ವಿನ್, ಇನ್ನೊಂದು 17 ತೋರಸ್ತಾವ. ಲ್ಯಾಪ್‌ಟಾಪ್ 16 ಜಿಬಿ.

ಉತ್ತರ 1 (ಬೀದರ್)
ತಪ್ಪು ಸಮತೋಲನದಾಗ ಅದ ನೋಡ್ರಿ. ದೊಡ್ಡ ಕಣ ಶಹಾಬಾದ್ ಫರಸಿ ಇದ್ದಂಗ, ಒಂದೇ ಬಿಸಿ ಹಿಡ್ಕೊಂಡು ಕೂಡ್ತದ. 0.01 ಮೈಕ್ರಾನ್‌ಗಿಂತ ಸಣ್ಣ ಕಣ ಕಾದ ಹಂಚಿನ ಮ್ಯಾಲಿನ ಸಾಸಿವಿ: ಒಂದೇ ಅತಿನೇರಳೆ ಫೋಟಾನ್ ಬಡಿದ್ರ ನೂರಾರು ಕೆಲ್ವಿನ್‌ಗೆ ಜಿಗೀತದ, ಮುಂದಿನ ಫೋಟಾನ್ ಬರೋದ್ರಾಗ ತಣ್ಣಗಾಗ್ತದ. 24 ಮೈಕ್ರಾನ್ ಬೆಳಕಿನ ದೊಡ್ಡ ಪಾಲು ಆ ಜಿಗಿತದ್ದು. ಆ ಜಿಗಿತ ಲೆಕ್ಕಕ್ಕ ತಗೊಳ್ಳೋ ಸ್ಟೊಕಾಸ್ಟಿಕ್ ಆಯ್ಕೆ ಹಾಕ್ರಿ.

ಅದಷ್ಟೇ ಸಾಕಾಗಲ್ಲ. 800 ಕೋಟಿ ವರ್ಷದ ನಕ್ಷತ್ರಗಳಿಂದ ಅತಿನೇರಳೆ ಭಾಳ ಕಡಿಮಿ. 10 ಕೋಟಿ ವರ್ಷದ್ದೊಂದು ತೆಳು ಡಿಸ್ಕ್ ಸೇರಸ್ರಿ, ಹೈಟ್ 100 ಪಾರ್ಸೆಕ್ ಸುತ್ತ. ಈಗಷ್ಟೇ ಹುಟ್ಟಿದ ನಕ್ಷತ್ರಗಳಿಗೆ ಮ್ಯಾಪಿಂಗ್ಸ್ ಟೆಂಪ್ಲೇಟ್ (ನಕ್ಷತ್ರ ಹುಟ್ಟೋ ಜಾಗದ ಬೆಳಕಿನ ತಯಾರಿ ಮಾದರಿ) ಬ್ಯಾರೆ ಹಾಕ್ರಿ. ಅದರೊಳಗ ಸ್ವಂತ ಧೂಳು ಇರ್ತದ, ಅಷ್ಟು ರಾಶಿ ಡಿಸ್ಕಿನ ಧೂಳಿನಿಂದ ಕಳೀರಿ. ಇದನ್ನೇ ಭಾಳ ಮಂದಿ ಮರೀತಾರ.

ಉತ್ತರ 2 (ಯಾದಗಿರಿ)
ಅಂಚಿನ 11–17 ಬರೇ ನಾಯ್ಸ್ (ಲೆಕ್ಕದ ಏರಿಳಿತ). ಆ ಸೆಲ್‌ಗಳಿಗೆ ಮುಟ್ಟಿದ ಪ್ಯಾಕೆಟ್ ಬೆರಳೆಣಿಕೆ ಇರ್ಬೇಕು. ನಾಯ್ಸ್ ವರ್ಗಮೂಲದ ಲೆಕ್ಕದಾಗ ಇಳೀತದ: 10 ಲಕ್ಷದಿಂದ 1 ಕೋಟಿಗೆ ಹೋದ್ರ ಸುಮಾರು 3.2 ಪಟ್ಟು ಕಡಿಮಿ. ಸೆಲ್ ಮಾತ್ರ ಹೆಚ್ಚಿಗಿ ಮಾಡಬ್ಯಾಡ್ರಿ, ಅವೇ ಪ್ಯಾಕೆಟ್ ಇನ್ನಷ್ಟು ಸೆಲ್‌ಗೆ ಹಂಚಿ ಹೋಗಿ ನಾಯ್ಸ್ ಏರ್ತದ. ಧೂಳು ಹೀರಿದ ಒಟ್ಟು ಶಕ್ತಿ, ಹೊರಹಾಕಿದ್ದು ಎರಡೂ ತಾಳೆ ನೋಡ್ರಿ. ಶೇ. 1ಕ್ಕಿಂತ ಹೆಚ್ಚು ಫರಕ್ ಬಂದ್ರ ತರಂಗಾಂತರದ ಗ್ರಿಡ್ ಒರಟಾಗೇದ.

ಪ್ರಶ್ನೆ ಕೇಳಿದವರು
ತರಂಗಾಂತರದ ಗ್ರಿಡ್‌ಗೆ ಎಷ್ಟು ಬಿನ್ (ಭಾಗ) ಇಡ್ಲಿ? ಮೆಮೊರಿ ಸಾಕಾಗ್ತದೇನ್ರಿ? ಕಡಿಗೆ ಎಳೇ ನಕ್ಷತ್ರದ ಪಾಲು, ಹಳೇವುಗಳ ಪಾಲು ಬ್ಯಾರೆ ಮಾಡ್ಬೇಕಾಗೇದ.

ಉತ್ತರ 1 (ಬೀದರ್)
0.0912 ಮೈಕ್ರಾನ್‌ನಿಂದ ಸುರು ಮಾಡ್ರಿ, ಅದಕ್ಕಿಂತ ಕಡಿಮಿ ತರಂಗಾಂತರದ ಬೆಳಕನ್ನ ಹೈಡ್ರೋಜನ್ನೇ ನುಂಗ್ತದ. 40 ಬಿನ್ ಇಟ್ಟು, ಹೆಚ್ಚಿನವು ಅತಿನೇರಳೆಯಾಗ ಬರೋ ಹಂಗ ಹಂಚ್ರಿ. 10 ಲಕ್ಷ ಸೆಲ್ × 40 ಬಿನ್ × 8 ಬೈಟ್ ಅಂದ್ರ ವಿಕಿರಣ ಕ್ಷೇತ್ರಕ್ಕ 320 ಎಂಬಿ. ನಿಮ್ಮ ಯಂತ್ರಕ್ಕ ಆರಾಮ.

ಪಾಲು ತಗೀಲಿಕ್ಕ ಮಾಡೆಲ್ ಎರಡು ಸಲ ಓಡಸ್ರಿ: ಒಮ್ಮೆ ಎಳೇವು ಬಂದ್ ಮಾಡಿ, ಒಮ್ಮೆ ಹಳೇವು ಬಂದ್ ಮಾಡಿ. ಪ್ರತಿ ಸೆಲ್ ಹೀರಿದ ಶಕ್ತಿಯನ್ನ ಕೂಡಸ್ರಿ, ತಾಪಮಾನ ಕೂಡಸಬ್ಯಾಡ್ರಿ. ದೊಡ್ಡ ಕಣದ ತಾಪಮಾನ ಬೆಳಕಿನ ತೀವ್ರತೆಯ 1/6ನೇ ಘಾತದಂತೆ ಏರ್ತದ. ಅದು ಇಮ್ಮಡಿ ಆಗ್ಬೇಕಂದ್ರ ಬೆಳಕು 64 ಪಟ್ಟು ಬೇಕು. ಉತ್ತರ ಗೆಲಾಕ್ಸಿಯಿಂದ ಗೆಲಾಕ್ಸಿಗೆ ಎಷ್ಟು ಬದಲಾಗ್ತದ ನೋಡ್ರಿ: ಇದೇ ಕೋಡ್‌ನ ಮಾಡೆಲ್‌ಗಳ ಪ್ರಕಾರ ಆಂಡ್ರೊಮಿಡಾದಾಗ ಧೂಳು ಹೀರಿದ ಶಕ್ತಿಯ ಸುಮಾರು ಶೇ. 91 ಹಳೇ ನಕ್ಷತ್ರಗಳದ್ದು, ಎಂ51 ಅನ್ನೋ ಸುರುಳಿ ಗೆಲಾಕ್ಸಿಯಾಗ ಧೂಳು ಕಾಯಿಸೋದ್ರಾಗ ಅವುಗಳ ಪಾಲು ಶೇ. 37 ಅಷ್ಟೇ.