ದುಡ್ಡಿನ ಪ್ಲೇಯರ್ ಹಾಕಿದರೆ ಹೆಡ್‌ಫೋನಿನಲ್ಲಿ ಚೆಂಡೆ ಬೇರೆಯೇ ಕೇಳಿಸುತ್ತದಾ?

ಬದಿಯಡ್ಕ: ನನ್ನದು ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನು. ಲ್ಯಾಪ್‌ಟಾಪಿನಲ್ಲಿ ಇಷ್ಟು ದಿನ ಫೂಬಾರ್2000 ಎಂಬ ಪುಕ್ಕಟೆ ಪ್ಲೇಯರ್ ಸಾಫ್ಟ್‌ವೇರ್ ಇತ್ತು. ಕಳೆದ ವಾರ ದುಡ್ಡು ಕೊಟ್ಟು ಬೇರೆ ಪ್ಲೇಯರ್ ಹಾಕಿದೆ. ಅದೇ ಫ್ಲ್ಯಾಕ್ (ಏನೂ ಕಳೆಯದೆ ಒತ್ತಿಟ್ಟ) ಫೈಲು, ಅದೇ ಯಕ್ಷಗಾನ. ಆದರೆ ಚೆಂಡೆಯ ಪೆಟ್ಟು ಬಿಡಿಬಿಡಿಯಾಗಿ ಕೇಳಿಸುತ್ತದೆ, ಭಾಗವತರ ಸ್ವರ ಮುಂದೆ ಬಂದಿದೆ. ಇದು ಪ್ಲೇಯರಿನದ್ದೇ ಗುಣ ಅಲ್ವಾ?

ಮಂಜೇಶ್ವರ: ನಿಮಗೆ ಕೇಳಿಸಿದ್ದು ಸುಳ್ಳಲ್ಲ ಅಣ್ಣ, ಕಾರಣ ಬೇರೆ ಇರಬಹುದು. ಫ್ಲ್ಯಾಕ್ ಬಿಚ್ಚಿದರೆ ಯಾವ ಪ್ಲೇಯರಿನಲ್ಲೂ ಬರುವುದು ಒಂದೇ ಅಂಕಿಗಳು. ಅವು ಹಾಗೇ ಡ್ಯಾಕ್‌ಗೆ, ಅಂದರೆ ಅಂಕಿಯನ್ನು ಸದ್ದಿನ ವಿದ್ಯುತ್ತಾಗಿಸುವ ಚಿಪ್ಪಿಗೆ, ಮುಟ್ಟಿದರೆ ಪ್ಲೇಯರಿಗೆ ಸೇರಿಸಲು ಏನೂ ಇಲ್ಲ. ಹೊಸದರಲ್ಲಿ ಸದ್ದು ಒಂಚೂರು ಜಾಸ್ತಿ ಇದೆಯಾ ನೋಡಿ. 1 ಡೆಸಿಬಲ್ ಏರಿದರೆ ಎಷ್ಟೋ ಸಲ ನಮಗೆ ಸದ್ದು ಏರಿದ್ದು ಗೊತ್ತಾಗುವುದಿಲ್ಲ, ‘ಚೆನ್ನಾಗಿದೆ’ ಅನ್ನಿಸುತ್ತದೆ.

ಕುಂಬಳೆ: ಅಷ್ಟು ಬೇಗ ತಳ್ಳಿಹಾಕಬೇಡಿ ಮಾರಾಯ್ರೆ. ನಡುವೆ ವಿಂಡೋಸ್ ಕೈಯಾಡಿಸುತ್ತದೆ. ಅದರ ಸೆಟ್ಟಿಂಗ್ 48,000 ಹರ್ಟ್ಸ್‌ನಲ್ಲಿದ್ದರೆ (ಸೆಕೆಂಡಿಗೆ ಅಷ್ಟು ಅಂಕಿ) ಸಿಡಿಯ 44,100ನ್ನು ಬದಲಿಸಿಯೇ ಕಳಿಸುವುದು. ಹೊಸ ಪ್ಲೇಯರ್ ವಾಸಾಪಿ ಎಕ್ಸ್‌ಕ್ಲೂಸಿವ್ ಎಂಬ ನೇರ ದಾರಿಯಲ್ಲಿ ಅದನ್ನು ದಾಟಿ ಹೋಗುತ್ತಿರಬೇಕು.

ಮಂಜೇಶ್ವರ: ಆ ದಾರಿ ಫೂಬಾರ್‌ನಲ್ಲೂ ಉಂಟು, ಪುಕ್ಕಟೆ. ಮೊದಲು ಮಲ್ಟಿಮೀಟರ್ ಹಿಡಿದು ಎರಡರ ಸದ್ದನ್ನೂ ಸಮ ಮಾಡಿ. ಆಮೇಲೆ ಯಾರಾದರೂ ನಿಮಗೆ ಕಾಣದಂತೆ ಪ್ಲೇಯರ್ ಬದಲಿಸಲಿ, 16 ಸಲ; ಪ್ರತಿ ಸಲ ಯಾವುದೆಂದು ನೀವು ಹೇಳಿ.

ಬದಿಯಡ್ಕ: ತಮ್ಮನನ್ನು ಕೂರಿಸಿ ಮಾಡಿದೆ. ಹೊಸದರ ಸದ್ದು ನಿಜಕ್ಕೂ ಜಾಸ್ತಿ ಇತ್ತು. ಸಮ ಮಾಡಿದ ಮೇಲೆ 16ರಲ್ಲಿ 9 ಸರಿ ಹೇಳಿದೆ.

ಮಂಜೇಶ್ವರ: ಸುಮ್ನೆ ಊಹಿಸಿದರೂ 8ರ ಆಸುಪಾಸು ಬರುತ್ತದೆ. 12 ಬಂದಿದ್ದರೆ ನಾನು ನನ್ನ ಮಾತು ಹಿಂದೆ ತೆಗೆಯುತ್ತಿದ್ದೆ.

ಮುಳ್ಳೇರಿಯ: ಹಾಗಂತ ಸಾಫ್ಟ್‌ವೇರಿನಿಂದ ಏನೂ ಆಗುವುದಿಲ್ಲ ಎಂದು ಬರೆಯಬೇಡಿ. ನನ್ನದೂ ಎಚ್‌ಡಿ 600. ಹಿಂಬದಿ ತೆರೆದ ಹೆಡ್‌ಫೋನು, ತೀರಾ ಕೆಳಗಿನ ಸ್ವರ ಬಡವಾಗುತ್ತದೆ. ಈಕ್ವಲೈಸರ್ ಎಪಿಒ (ವಿಂಡೋಸ್‌ನಲ್ಲಿ ಸ್ವರಗಳನ್ನು ಏರಿಸಿ ಇಳಿಸುವ ಸಾಫ್ಟ್‌ವೇರ್) ಹಾಕಿ, ತಳದ ಸ್ವರವನ್ನು 4 ಡೆಸಿಬಲ್ ಏರಿಸಿದೆ. ಮದ್ದಳೆ ತುಂಬಿ ಬಂತು. ಕಣ್ಣು ಮುಚ್ಚಿಕೊಂಡು 16ಕ್ಕೆ 16 ಹೇಳಬಲ್ಲೆ. ಏರಿಸಿದಷ್ಟನ್ನೇ ಪ್ರೀಆಂಪ್‌ನಲ್ಲಿ, ಅಂದರೆ ಎಪಿಒದ ಒಟ್ಟು ಸದ್ದಿನ ಸೆಟ್ಟಿಂಗ್‌ನಲ್ಲಿ, ಇಳಿಸಿ, ಇಲ್ಲದಿದ್ದರೆ ಚೆಂಡೆಯ ಜೋರು ಪೆಟ್ಟು ಒಡೆಯುತ್ತದೆ. ಇನ್ನೊಂದು, ಎಕ್ಸ್‌ಕ್ಲೂಸಿವ್ ಬಿಡಬೇಕು. ಅದರಲ್ಲಿ ಎಪಿಒ ಕೆಲಸ ಮಾಡುವುದಿಲ್ಲ.

ಕುಂಬಳೆ: ಆಗ 48,000ದ ತೊಂದರೆ ಮತ್ತೆ ಬಂತಲ್ಲ?

ಮುಳ್ಳೇರಿಯ: ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲೇ 44,100 ಮಾಡಿಡಿ.

ಬದಿಯಡ್ಕ: ದುಡ್ಡು ವಾಪಸ್ ಕೇಳಲು ನನಗೆ ಇನ್ನೂ 4 ದಿನ ಉಂಟು. ಇವತ್ತು ರಾತ್ರಿ ಫೂಬಾರ್‌ನಲ್ಲೇ ಎಪಿಒ ಹಾಕಿ ಕೇಳುತ್ತೇನೆ.