ಸಹಾಯ ಬೇಕು: ಅಮ್ಮನ ಹಲ್ಲಿನ ಇಂಪ್ಲಾಂಟ್ ಸೈನಸ್ ಒಳಗೆ ಜಾರಿದೆ, ಮುಂಬೈಯಲ್ಲಿ ಯಾರಿಗೆ ತೋರಿಸಲಿ?

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿಯಲ್ಲಿದ್ದೇವೆ. ಅಮ್ಮನಿಗೆ 64 ವರ್ಷ, ಶುಗರ್ ಇದೆ. ಇಲ್ಲೇ ಒಂದು ಕ್ಲಿನಿಕ್‌ನಲ್ಲಿ ಮೇಲಿನ ಎಡಗಡೆ ದವಡೆ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ (ಕೃತಕ ಹಲ್ಲು ನಿಲ್ಲಿಸಲು ಮೂಳೆಗೆ ಹಾಕುವ ಸ್ಕ್ರೂ) ಹಾಕಿಸಿದ್ದೆವು.

ಈಗ ಬಾಯಿ ಮುಕ್ಕಳಿಸಿದರೆ ಎಡ ಮೂಗಿನಿಂದ ನೀರು ಇಳಿಯುತ್ತದೆ. ಕೆನ್ನೆ ಭಾರ, ಬಗ್ಗಿದರೆ ನೋವು, ಮೂಗಲ್ಲಿ ಕೆಟ್ಟ ವಾಸನೆ. ಕ್ಲಿನಿಕ್‌ನವರು ಸುಮ್ನೆ ಆ್ಯಂಟಿಬಯಾಟಿಕ್ ಕೊಡುತ್ತಲೇ ಇದ್ದರು. ಬೇರೆ ಕಡೆ ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ಮಾಡಿಸಿದಾಗ ಗೊತ್ತಾಯಿತು, ಸ್ಕ್ರೂ ಪೂರ್ತಿ ಸೈನಸ್ ಒಳಗೆ, ಅಂದರೆ ಕೆನ್ನೆ ಮೂಳೆಯೊಳಗಿನ ಗಾಳಿ ತುಂಬಿದ ಪೊಳ್ಳು ಜಾಗಕ್ಕೆ ಹೋಗಿದೆ. ಆ ಜಾಗದಲ್ಲಿ ಮೂಳೆ ಮೊದಲೇ ಮೆತ್ತಗೆ. ಹಲ್ಲು ಕಿತ್ತು ವರ್ಷಗಳಾದರೆ ಇನ್ನೂ ತೆಳ್ಳಗಾಗುತ್ತದೆ, ಅದರ ಮೇಲೇ ಸೈನಸ್. ಹಾಕುವ ಮುಂಚೆಯೇ ಸ್ಕ್ಯಾನ್ ಮಾಡಿ ಹೇಳಬೇಕಿತ್ತು, ಅಲ್ವಾ?

ಸ್ಕ್ರೂ ತೆಗೆಯಬೇಕು, ಬಾಯಿಗೂ ಸೈನಸ್‌ಗೂ ನಡುವೆ ಆಗಿರುವ ತೂತನ್ನೂ ಮುಚ್ಚಬೇಕು. ಇಎನ್‌ಟಿ ಡಾಕ್ಟರ್ ಮೂಗಿನಿಂದ ಎಂಡೋಸ್ಕೋಪ್ (ಸಣ್ಣ ಕ್ಯಾಮೆರಾ ಇರುವ ಕೊಳವೆ) ಹಾಕಿ ತೆಗೆಯೋಣ ಅನ್ನುತ್ತಾರೆ, ಓರಲ್ ಸರ್ಜನ್ ಬಾಯೊಳಗಿಂದಲೇ ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಯಾವ ರೀತಿ ಮಾಡಿಸಿದಿರಿ? ಶುಗರ್ ಇದ್ದವರಿಗೆ ಗಾಯ ಮಾಯಲು ತುಂಬಾ ದಿನ ಹಿಡಿಯಿತಾ?

ಮುಂಬೈ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆ ಅಥವಾ ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರದ ಸರ್ಕಾರಿ ದಂತ ಕಾಲೇಜಿನಲ್ಲಿ ತೋರಿಸಿದವರು ದಯವಿಟ್ಟು ಖರ್ಚಿನ ಅಂದಾಜು ಹೇಳಿ. ಅಮ್ಮನಿಗೆ ಹಿಂದಿ, ಮರಾಠಿ ಅಷ್ಟಾಗಿ ಬರುವುದಿಲ್ಲ, ತುಂಬಾ ಹೆದರಿದ್ದಾರೆ. ಕನ್ನಡ ಮಾತಾಡುವ ಡಾಕ್ಟರ್ ಗೊತ್ತಿದ್ದರೆ ತಿಳಿಸಿ, ಈ ವಾರವೇ ಕರೆದುಕೊಂಡು ಹೋಗುತ್ತೇನೆ.