ನೋಡಿದವನಿಗೆ ಸಾಕ್ಷಿ ಇಲ್ಲ, ಫೋಟೋ ಹೊಡೆದವನು ಹಕ್ಕಿ ನೋಡಿಲ್ಲ

ನಮ್ಮ ಮೈಸೂರಿನ ಗುಂಪಿನಲ್ಲಿ ಇಬ್ಬರಿಗೆ ಹಕ್ಕಿ ಹುಚ್ಚು. ಇಬ್ಬರದೂ ಒಂದೇ ಹುಚ್ಚಾಗಿದ್ದರೆ ಉಳಿದವರು ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ ಸೀನನದು ಬೈನಾಕ್ಯುಲರ್ ಹುಚ್ಚು, ನಾಣಿಯದು ಕ್ಯಾಮೆರಾ ಹುಚ್ಚು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅಕ್ಕಪಕ್ಕ ನಿಂತು ಒಂದೇ ಹೆಜ್ಜಾರ್ಲೆಯನ್ನು, ಅಂದ್ರೆ ಪೆಲಿಕನ್ ಹಕ್ಕಿಯನ್ನು, ನೋಡ್ತಾರೆ, ಆಮೇಲೆ ಇಡ್ಲಿ ಮುಂದೆ ಕೂತು ಕಿತ್ತಾಡ್ತಾರೆ. ಕಾರು ರಫೀಕನದು, ಹಾಗಾಗಿ ಅವನು ಬರಲೇಬೇಕು. ವಸುಧಾಗೆ ಇಬ್ಬರ ತಪ್ಪನ್ನೂ ಹಿಡಿಯೋದರಲ್ಲಿ ಪರಮಾನಂದ, ಅದಕ್ಕೇ ಬರ್ತಾಳೆ. ನಾನು ಬರೋದು ಜಗಳ ಕೇಳೋಕೆ. ಬಿಟ್ಟಿ ಮನರಂಜನೆ ಯಾರಿಗೆ ಬೇಡ?

ಈ ಸಲ ಶುರುವಾಗಿದ್ದು ಮಿಂಚುಳ್ಳಿಯಿಂದ.

"ನೋಡ್ರೋ ಇದನ್ನ" ಅಂತ ನಾಣಿ ಫೋನ್ ಮುಂದೆ ಹಿಡಿದ. ಒಣಗಿದ ಕೊಂಬೆ, ಅದರ ಮೇಲೆ ಮಿಂಚುಳ್ಳಿ, ಕೊಕ್ಕಿನಲ್ಲಿ ಅಡ್ಡಡ್ಡ ಹಿಡಿದ ಮೀನು. ನೀಲಿ ಅಂದ್ರೆ ಎಂಥಾ ನೀಲಿ ಅಂತೀರಿ, ನಮ್ಮ ಬೀದಿ ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟೂ ಅಷ್ಟು ಮಿನುಗಲ್ಲ.

ಸೀನ ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಳ್ಳುತ್ತಾ ಕೇಳಿದ. "ಎಡಿಟ್ ಎಷ್ಟು ಮಾಡಿದೀಯ?"

"ಜಾಸ್ತಿ ಏನಿಲ್ಲ. ನೀಲಿ ಸ್ವಲ್ಪ ಏರಿಸಿದೆ ಅಷ್ಟೇ."

"ಆ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ ಕಣೋ. ಗರಿಯ ಒಳಗಡೆ ಕಣ್ಣಿಗೆ ಕಾಣದಷ್ಟು ಸಣ್ಣ ರಚನೆ ಇರುತ್ತೆ, ಬೆಳಕು ಅದಕ್ಕೆ ಬಡಿದು ಚದುರಿದಾಗ ನಮಗೆ ನೀಲಿ ಕಾಣುತ್ತೆ. ಹಕ್ಕಿ ಹತ್ತಿರವೇ ಇಲ್ಲದ ಬಣ್ಣಾನ ನೀನು ಏರಿಸಿದೀಯ!"

"ಇಲ್ಲದ ಬಣ್ಣ ನಿನ್ನ ಬೈನಾಕ್ಯುಲರಿಗೆ ಹೇಗೆ ಕಾಣಿಸ್ತು?"

"ಇಬ್ಬರೂ ಒಂದು ನಿಮಿಷ ಸುಮ್ನಿರಿ" ಅಂದ ರಫೀಕ್. "ಅದು ಯಾವ ಮೀನು?"

ಇಬ್ಬರೂ ಸುಮ್ಮನಾದರು. ಬೆಳಿಗ್ಗೆಯಿಂದ ಆ ಹಕ್ಕಿಯನ್ನೇ ದಿಟ್ಟಿಸಿದ ಇಬ್ಬರಿಗೂ ಮೀನು ಯಾವುದು ಅಂತ ಗೊತ್ತಿಲ್ಲ. ರಫೀಕನಿಗೆ ಹಕ್ಕಿ ಲೋಕದಲ್ಲಿ ಆಸಕ್ತಿ ಇರೋದು ಈ ಒಂದು ವಿಷಯದಲ್ಲಿ ಮಾತ್ರ. ಅದರಲ್ಲೂ ನಿರಾಸೆ.

ನಾಣಿಯ ವಾದ ಸರಳ. ಫೋಟೋ ಇಲ್ಲ ಅಂದ್ರೆ ಹಕ್ಕಿ ಇಲ್ಲ. ಸೀನ ಒಂದು ಸಲ ಅಕ್ಟೋಬರಿನಲ್ಲಿ, ಮಾನಸಗಂಗೋತ್ರಿಯ ಯಾವುದೋ ಮೆಳೆ ಕೆಳಗೆ ತರಗೆಲೆ ಕೆದಕುತ್ತಿದ್ದ ನವರಂಗವನ್ನು ನೋಡಿದೆ ಅಂತ ಓಡಿಬಂದಿದ್ದ. ಹಸಿರು ಬೆನ್ನು, ಹೊಟ್ಟೆಯ ಕೆಳಭಾಗದಲ್ಲಿ ಕೆಂಪು, ಕಣ್ಣಿಗೆ ಕಪ್ಪು ಪಟ್ಟಿ, ಮೋಟು ಬಾಲ, ಎಲ್ಲ ವಿವರಿಸಿದ. ಚಳಿಗಾಲಕ್ಕೆ ಅದು ಉತ್ತರದಿಂದ ನಮ್ಮ ಕಡೆ ಬರೋ ಹಕ್ಕಿಯೇ, ಸುಳ್ಳು ಹೇಳುವಂಥದ್ದೇನಲ್ಲ. ಆದರೂ ಇವತ್ತಿನವರೆಗೆ ನಾಣಿ ಅದನ್ನು "ಸೀನನ ಕನಸಿನ ಹಕ್ಕಿ" ಅಂತಲೇ ಕರೀತಾನೆ.

"ಪಕ್ಷಿತಜ್ಞ ಸಲೀಂ ಅಲಿ ರಂಗನತಿಟ್ಟಿಗೆ ಬಂದು, ನದಿ ನಡುವಿನ ತಿಟ್ಟುಗಳಲ್ಲಿ ಹಕ್ಕಿಗಳು ಗೂಡು ಕಟ್ಟೋದನ್ನ ನೋಡಿ, ಅರಮನೆಗೆ ಹೇಳಿದರು" ಅಂತ ಸೀನ ಶುರು ಮಾಡಿದ. "1940ರಲ್ಲಿ ಪಕ್ಷಿಧಾಮ ಆಯ್ತು. ಮಹಾರಾಜರು ಫೋಟೋ ತೋರಿಸಿ ಅಂದ್ರಾ?"

"ಸಲೀಂ ಅಲಿ ಹೇಳಿದ್ರೆ ಮಹಾರಾಜರು ನಂಬ್ತಾರೆ ಗುರು. ನೀನು ಹೇಳಿದ್ರೆ ರಫೀಕೂ ನಂಬಲ್ಲ."

"ನನ್ನ ಯಾಕೆ ಎಳೀತೀಯ?" ಅಂದ ರಫೀಕ್. ಆದರೆ ನಂಬ್ತೀನಿ ಅಂತ ಹೇಳಲಿಲ್ಲ.

ಸೀನನಿಗೆ ಇನ್ನೊಂದು ಗಾಯ ಇದೆ. ಅವನು ನೋಡಿದ್ದನ್ನೆಲ್ಲ ಈಬರ್ಡ್ ಅನ್ನೋ, ಹಕ್ಕಿ ಕಂಡಿದ್ದನ್ನು ದಾಖಲಿಸೋ ವೆಬ್‌ಸೈಟಿಗೆ ಹಾಕ್ತಾನೆ. ಊರಿಗೋ ಕಾಲಕ್ಕೋ ಅಪರೂಪ ಅನ್ನಿಸೋ ಹಕ್ಕಿ ಹಾಕಿದರೆ ಅದು ವಿವರ ಕೊಡು ಅನ್ನುತ್ತೆ. ಆಮೇಲೆ ಪರಿಶೀಲನೆ ಮಾಡೋ ಯಾರೋ ಪುಣ್ಯಾತ್ಮರು ವಿನಯದಿಂದ, "ಫೋಟೋ ಇದ್ದರೆ ಸೇರಿಸಿ" ಅಂತ ಬರೀತಾರೆ. ಆ ಒಂದು ಸಾಲಿಗೆ ಸೀನ ವಾರ ಪೂರ್ತಿ ಮುಖ ಊದಿಸಿಕೊಂಡಿರ್ತಾನೆ.

ಹಾಗಂತ ನಾಣಿಯ ಕಡೆಗೆ ಸೇರಿಕೊಳ್ಳೋಣ ಅಂದ್ರೆ ಅವನ ವೇಷ ಬಿಡಲ್ಲ. ತಲೆಯಿಂದ ಕಾಲಿನವರೆಗೆ ಹಸಿರು ಕಂದು ಮಚ್ಚೆಯ ಬಟ್ಟೆ. ಕಾಡಿನಲ್ಲಾದರೆ ಸರಿ. ಕುಕ್ಕರಹಳ್ಳಿ ಕೆರೆ ಸುತ್ತ ಬೆಳಿಗ್ಗೆ ಗುಲಾಬಿ ಟ್ರ್ಯಾಕ್ ಪ್ಯಾಂಟಿನವರು, ಹಳದಿ ಶೂನವರು, ಫೋನಿನಲ್ಲಿ ಸುಪ್ರಭಾತ ಹಾಕಿಕೊಂಡವರು ಸಾಲಾಗಿ ಹೋಗ್ತಿರ್ತಾರೆ. ಅಲ್ಲಿನ ಹೆಜ್ಜಾರ್ಲೆಗಳು ನಗೆಕೂಟದವರ ಹಹ್ಹಹ್ಹಾ ಕೇಳಿಕೊಂಡೇ ಮರಿ ಬೆಳೆಸಿವೆ. ಅಂಥ ಹಕ್ಕಿಗಳಿಂದ ಬಚ್ಚಿಟ್ಟುಕೊಳ್ಳೋಕೆ ಇವನು ಪೊದೆ ಹಿಂದೆ ತೆವಳ್ತಾನೆ.

"ನಿನ್ನ ನೋಡಿ ಹಕ್ಕಿ ಹೆದರಲ್ಲ ಕಣೋ, ವಾಕಿಂಗ್ ಬರೋ ಅಜ್ಜಂದಿರು ಹೆದರ್ತಾರೆ" ಅಂದಳು ವಸುಧಾ.

ಇನ್ನು ಲೆನ್ಸು. 150ರಿಂದ 600 ಎಂಎಂವರೆಗೆ ಹೋಗೋ ಜೂಮು, ಹತ್ತಿರ ಹತ್ತಿರ ಎರಡು ಕೆಜಿ ತೂಕ, ಇಎಂಐ ಇನ್ನೂ ನಡೀತಾ ಇದೆ. ಕಾರಿನಲ್ಲಿ ಅದಕ್ಕೆ ಮುಂದಿನ ಸೀಟು, ಬೆಲ್ಟು ಸಮೇತ. ರಫೀಕನನ್ನು ಬಿಟ್ಟು ಉಳಿದ ನಾವು ನಾಲ್ಕೂ ಜನ ಹಿಂದೆ ಒತ್ತರಿಸಿಕೊಂಡು ಕೂರಬೇಕು. ಇಷ್ಟಾದರೂ ನಾಣಿಗೆ ತೃಪ್ತಿ ಇಲ್ಲ. ರಂಗನತಿಟ್ಟಿನಲ್ಲಿ ದೋಣಿಗೆ ಕಾಯುವಾಗ ನೋಡಬೇಕು, ಕ್ಯಾಮೆರಾದವರು ಒಬ್ಬರಿಗೊಬ್ಬರು ಹೆಸರು ಕೇಳಲ್ಲ, ಊರು ಕೇಳಲ್ಲ. "ಎಷ್ಟು ಎಂಎಂ?" ಅಂತಾರೆ. 600 ಎಫ್ 4 ಅನ್ನೋ ದೊಡ್ಡ ಲೆನ್ಸ್ ಇಟ್ಟವರು ಬಂದರೆ ಉಳಿದವರು ತಾವಾಗಿಯೇ ಪಕ್ಕಕ್ಕೆ ಸರೀತಾರೆ. ಹೊಸದು ತಗೋಬೇಕಂದ್ರೆ ಹತ್ತು ಲಕ್ಷ ದಾಟುತ್ತೆ ಆ ಲೆನ್ಸು. ನಾಣಿ ಅಲ್ಲಿ ಹಕ್ಕಿಗಿಂತ ಹೆಚ್ಚು ಹೊತ್ತು ಅದನ್ನೇ ನೋಡ್ತಾನೆ.

ರಂಗನತಿಟ್ಟಿನ ಮಾತು ಬಂತು ಅಂದಮೇಲೆ ದೋಣಿಯ ಕಥೆ ಹೇಳಲೇಬೇಕು. ಅಂಬಿಗ ಹುಟ್ಟು ಹಾಕುತ್ತಾ ಬಂಡೆಗಳ ನಡುವೆ ಕರೆದುಕೊಂಡು ಹೋದ. ಬಂಡೆ ಮೇಲೆ ಮೊಸಳೆ ಬಾಯಿ ತೆರೆದು ಮಲಗಿತ್ತು. ಅದು ಬೆದರಿಸೋದಲ್ಲ, ಮೈ ಬಿಸಿ ಇಳಿಸಿಕೊಳ್ಳೋಕೆ ಹಾಗೆ ಮಾಡುತ್ತೆ ಅಂತ ಸೀನ ವಿವರಿಸಿದ. ರಫೀಕ್ ಮಾತ್ರ ಕಾಲು ಮೇಲಕ್ಕೆ ಎತ್ತಿಕೊಂಡೇ ಕೂತ. ನಾಣಿ ಆಕಡೆ ತಿರುಗಿ ನದಿ ಮೇಲೆ ಹಾರಾಡುತ್ತಿದ್ದ ರೀವ ಹಕ್ಕಿಯ ಹಿಂದೆ ಬಿದ್ದಿದ್ದ. ಶಟರ್ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ, ಬರ್ಸ್ಟ್ ಮೋಡು, ಟರ್ ಟರ್ ಟರ್ ಅಂತ ಶಬ್ದ. ಕಾರ್ಡು ತುಂಬಿಹೋಯ್ತು. ಹೊಸ ಕಾರ್ಡಿಗೆ ಬ್ಯಾಗು ತಡಕೋಕೆ ಶುರು ಮಾಡಿದ.

ಸರಿಯಾಗಿ ಆಗಲೇ ದೋಣಿ ಪಕ್ಕದ ಆಳವಿಲ್ಲದ ನೀರಿನಲ್ಲಿ ಬಾಯ್ಕಳಕ ಕೊಕ್ಕರೆ ಒಂದು ಬಸವನಹುಳು ಎತ್ತಿತು. ಈ ಹಕ್ಕಿಯ ಕೊಕ್ಕು ಪೂರ್ತಿ ಮುಚ್ಚಲ್ಲ, ನಡುವೆ ಸಂದು ಇರುತ್ತೆ, ಆಚೆಯ ನೀರು ಕಾಣುತ್ತೆ. ಹುಳುವನ್ನು ನೆಲಕ್ಕೆ ಒತ್ತಿ ಹಿಡಿದು, ಕೆಳಗಿನ ಕೊಕ್ಕಿನ ತುದಿಯನ್ನು ಚಿಪ್ಪಿನ ಬಾಯೊಳಗೆ ತೂರಿಸಿ, ಎರಡು ಸಲ ಅಲ್ಲಾಡಿಸಿತು. ಒಳಗಿನ ಮಾಂಸ ಪೂರ್ತಿ ಈಚೆ ಬಂತು. ತಲೆ ಎತ್ತಿ ನುಂಗಿತು. ಖಾಲಿ ಚಿಪ್ಪು ಒಡೆಯದೆ ಹಾಗೇ ನೀರಿನಲ್ಲಿ ಉರುಳಿತು. ದೋಣಿಯವರೆಲ್ಲ ಬಾಯಿ ತೆರೆದು ನೋಡಿದೆವು. ಮೊಸಳೆಗೆ ಅವತ್ತು ಪೈಪೋಟಿ.

"ಏನಾಯ್ತು, ಏನಾಯ್ತು?" ಅಂತ ನಾಣಿ ತಲೆ ಎತ್ತಿದಾಗ ಕೊಕ್ಕರೆ ಬೆನ್ನು ತಿರುಗಿಸಿ ಹೊರಟಿತ್ತು. ಅದರ ಫೋಟೋ ಅವನ ಹತ್ತಿರ ಇದೆ. ಹಿಂಭಾಗದ್ದು. ರೀವದ್ದೂ ಅಷ್ಟೇ, ರಾಶಿ ರಾಶಿ ಬಾಲ. ಬಾಲ ನೋಡಿ ಹಕ್ಕಿ ಗುರುತಿಸೋದು ಹೇಗೆ ಅಂತ ಒಂದು ಪುಸ್ತಕ ಮಾಡು, ಅದಕ್ಕೆ ಬೇಕಾದ ಚಿತ್ರ ಎಲ್ಲ ನಿನ್ನ ಹತ್ತಿರವೇ ಇದೆ ಅಂತ ವಸುಧಾ ಸಲಹೆ ಕೊಟ್ಟಳು.

ಸೀನನ ಜೊತೆ ಹೋಗೋದು ಸುಖ ಅಂದುಕೊಂಡರೆ ಅದೂ ಇಲ್ಲ. ಒಂದೇ ಮರದ ಕೆಳಗೆ ಕತ್ತು ಮೇಲೆತ್ತಿ ನಿಂತುಬಿಡ್ತಾನೆ. ಏನೋ ಅಲ್ಲಿ ಅಂದ್ರೆ, "ಉಲಿಯಕ್ಕಿ, ಎಲೆ ಹಿಂದೆ ಇದೆ" ಅಂತಾನೆ. ಹತ್ತು ಗ್ರಾಮೂ ತೂಗದ, ಎಲೆಯ ಬಣ್ಣದ್ದೇ ಆದ ಹಕ್ಕಿ. ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯೋಕೆ ಬಂದಿರುತ್ತಂತೆ.

"ಅಷ್ಟು ದೂರದಿಂದ ಬಂದಿದ್ದು ಎಲೆ ಹಿಂದೆ ಕೂರೋಕಾ?" ಅಂತ ರಫೀಕ್ ಕೇಳಿದ್ದ. ನನಗಂತೂ ನ್ಯಾಯವಾದ ಪ್ರಶ್ನೆ ಅನ್ನಿಸಿತು.

ಇಷ್ಟರಲ್ಲಿ ಕಾಫಿ ಬಂತು. ವಸುಧಾ ಫೋನಿನಲ್ಲಿ ಮರ್ಲಿನ್ ಆ್ಯಪ್ ಹಾಕಿಟ್ಟಿದ್ದಳು, ಅದು ದನಿ ಕೇಳಿ ಹಕ್ಕಿ ಹೆಸರು ಹೇಳುತ್ತೆ. ಪರದೆ ಮೇಲೆ ಕೋಗಿಲೆ ಅಂತ ಬಂತು. ಸೀನ ತಕ್ಷಣ ಪಟ್ಟಿಗೆ ಸೇರಿಸಿದ. ಪಕ್ಕದ ಟೇಬಲಿನವರು "ಹಲೋ, ಹೇಳಪ್ಪಾ, ಹೋಟೆಲಲ್ಲಿದ್ದೀನಿ" ಅಂತ ಫೋನ್ ಎತ್ತಿದರು. ಕೋಗಿಲೆ ನಿಂತುಹೋಯ್ತು.

"ಅಳಿಸು" ಅಂದಳು ವಸುಧಾ.

"ಬೇರೆ ಕೋಗಿಲೆಯೂ ಇರಬಹುದಲ್ವಾ..."

"ಸೀನ, ಅಳಿಸು."

ದನಿಯ ವಿಷಯ ಬಂದಿದ್ದೇ ತಡ, ವಸುಧಾ ನಾಣಿ ಕಡೆ ತಿರುಗಿದಳು. ಅವನ ಕ್ಯಾಮೆರಾ ಬಳಗದಲ್ಲಿ ಯಾರೋ ಹಕ್ಕಿಯ ಕೂಗನ್ನು ಸ್ಪೀಕರಿನಲ್ಲಿ ಹಾಕಿ ಹತ್ತಿರ ಕರೆಸುತ್ತಾರೆ ಅನ್ನೋದು ಅವಳ ಕಿವಿಗೆ ಬಿದ್ದಿತ್ತು.

"ಗಂಡು ಹಕ್ಕಿ ಏನು ಅಂದ್ಕೊಳ್ಳುತ್ತೆ ಗೊತ್ತಾ? ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ. ಮರಿಗೆ ಗುಟುಕು ಕೊಡೋದು ಬಿಟ್ಟು ಜಗಳಕ್ಕೆ ಬರುತ್ತೆ. ನಿಮಗೆ ಪೋಸು, ಅದಕ್ಕೆ ಪ್ರಾಣಸಂಕಟ."

"ಬ್ಲೂಟೂತ್ ಸ್ಪೀಕರ್ ಜೊತೆ ಜಗಳಕ್ಕಾ?" ರಫೀಕನಿಗೆ ಮೊದಲ ಸಲ ಹಕ್ಕಿ ಬಗ್ಗೆ ಕನಿಕರ ಬಂತು.

"ಇನ್ನೂ ಕೇಳು. ಗೂಡಿನ ಮುಂದಿನ ಎಲೆ ಕತ್ತರಿಸ್ತಾರೆ, ಫೋಟೋ ಕ್ಲೀನ್ ಬರಲಿ ಅಂತ. ಹಕ್ಕಿ ಹುಡುಕಿ ಹುಡುಕಿ ಆ ಎಲೆ ಮರೆಯಲ್ಲಿ ಗೂಡು ಕಟ್ಟಿರೋದೇ ಕಾಗೆ ಕಣ್ಣಿಗೆ ಬೀಳಬಾರದು ಅಂತ. ಇವರು ಫೋಟೋ ಹೊಡೆದು ಹೋಗ್ತಾರೆ, ಆಮೇಲೆ ಕಾಗೆ ಬರುತ್ತೆ. ಅಂಥ ಫೋಟೋಗೆ ನೀನು ಲೈಕ್ ಒತ್ತಿದ್ದೆ ಕಣೋ, ನೋಡಿದೀನಿ."

ನಾಣಿ ಕಾಫಿ ಲೋಟದೊಳಗೆ ಇಣುಕಿದ. ಅವನು ಎಲೆ ಕತ್ತರಿಸೋನಲ್ಲ, ಅದು ನಮಗೆಲ್ಲ ಗೊತ್ತು. ಆದರೆ ಮೊಟ್ಟೆ ಮರಿ ಇರೋ ಗೂಡಿನ ಫೋಟೋ ಯಾರು ಹಾಕಿದರೂ ಮೆಚ್ಚಬಾರದು ಅನ್ನೋದು ವಸುಧಾಳ ಕಾನೂನು. ಈ ಒಂದು ವಿಷಯದಲ್ಲಿ ನಾನು ಪೂರ್ತಿ ಅವಳ ಕಡೆ. ತಮಾಷೆ ಬೇರೆ, ಇದು ಬೇರೆ.

ವಾತಾವರಣ ತಿಳಿಯಾಗಲಿ ಅಂತ ನಾಣಿ ಕಬಿನಿ ಎತ್ತಿದ. ಅವನಿಗೆ ಕರಿ ಚಿರತೆ ಬೇಕು. ಅದೇನು ಬೇರೆ ಪ್ರಾಣಿ ಅಲ್ಲ, ಮಾಮೂಲಿ ಚಿರತೆಯೇ, ಮೈಯಲ್ಲಿ ಕಪ್ಪು ಜಾಸ್ತಿ, ಬಿಸಿಲು ಸರಿಯಾಗಿ ಬಿದ್ದರೆ ಒಳಗಿನ ಚುಕ್ಕಿಯೂ ಕಾಣುತ್ತೆ ಅಂತ ಸೀನ ಶುರು ಮಾಡಿದ್ದೇ ಎಲ್ಲರೂ ಒಟ್ಟಿಗೆ "ನೀನು ಬರೋದು ಬೇಡ" ಅಂದರು. ಕಾರಣ ಇದೆ. ಹಿಂದಿನ ಸಲ ಸಫಾರಿಯಲ್ಲಿ ಎಲ್ಲೋ ಚಿರತೆ ಕಂಡಿದೆ ಅಂತ ಸುದ್ದಿ ಬಂದು ಡ್ರೈವರ್ ಗಾಡಿ ಓಡಿಸ್ತಿದ್ದರೆ, ಸೀನ ಎದ್ದು ನಿಂತು "ನಿಲ್ಸಿ, ನಿಲ್ಸಿ" ಅಂದ. ಗಾಡಿ ನಿಂತಿತು. ಇಡೀ ಗಾಡಿಯವರು ಉಸಿರು ಬಿಗಿಹಿಡಿದು ಅವನು ತೋರಿಸಿದ ಕಡೆ ನೋಡಿದರು. ಮರಕುಟಿಗ. ಹಿಂದಿನ ಸೀಟಿನ ಒಬ್ಬರು ಅವನನ್ನು ನೋಡಿದ ನೋಟಕ್ಕೆ ಹುಲಿಯೇ ಆಗಿದ್ದರೂ ಕಾಡಿನೊಳಗೆ ಓಡಿ ಹೋಗ್ತಿತ್ತು.

"ಸರಿ ಹಾಗಾದ್ರೆ ಕೊಕ್ಕರೆ ಬೆಳ್ಳೂರಿಗೆ ಹೋಗೋಣ" ಅಂದಳು ವಸುಧಾ. "ಜೀಪಿಲ್ಲ, ದೋಣಿ ಇಲ್ಲ, ತೆವಳೋದೂ ಬೇಡ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗೇ, ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವುಗಳನ್ನ ಮನೆ ಮಕ್ಕಳ ಥರ ನೋಡ್ಕೊಳ್ತಾರೆ. ಉದುರಿದ ಹಿಕ್ಕೆ ಗೊಬ್ಬರಕ್ಕೆ ಆಗುತ್ತೆ."

ಆಶ್ಚರ್ಯ ಅಂದ್ರೆ ಇಬ್ಬರೂ ಒಪ್ಪಿದರು. ನಾಣಿ ಬೆಳಿಗ್ಗೆ ಬೆಳಕು ಯಾವ ಕಡೆಯಿಂದ ಬೀಳುತ್ತೆ ಅಂತ ಕೇಳಿದ. ಸೀನ ಆಗಲೇ ಪಟ್ಟಿಗೆ ತಲೆಬರಹ ಬರೆಯುತ್ತಿದ್ದ. ರಫೀಕ್ ಒಬ್ಬನೇ ಲೋಟ ಕೆಳಗಿಟ್ಟ.

"ಒಂದು ನಿಮಿಷ. ಗೊಬ್ಬರಕ್ಕೆ ಆಗೋಷ್ಟು ಉದುರುತ್ತೆ ಅಂದ್ಯಲ್ಲ. ಗಾಡಿ ಎಲ್ಲಿ ನಿಲ್ಲಿಸೋದು?"

"ಮರದ ಕೆಳಗೆ ನಿಲ್ಲಿಸಬೇಡ."

"ನೆರಳು ಇರೋದು ಮರದ ಕೆಳಗೆ ತಾನೇ? ಬಿಸಿಲಲ್ಲಿ ನಿಲ್ಲಿಸಿದ್ರೆ ವಾಪಸ್ ಬರುವಾಗ ಒಳಗೆ ಕೂರೋಕಾಗುತ್ತಾ? ಒಂದು ಕೆಲಸ ಮಾಡಿ. ನಾನು ಮದ್ದೂರಿನಲ್ಲೇ ಗಾಡಿ ನಿಲ್ಲಿಸಿ ವಡೆ ತಿಂತಾ ಇರ್ತೀನಿ. ನೀವು ಆಟೋ ಮಾಡ್ಕೊಂಡು ಹೋಗಿ ಬನ್ನಿ."

ಆಟೋ ಅಂದ ತಕ್ಷಣ ನಾಣಿ ಲೆನ್ಸ್ ಬ್ಯಾಗು ಅಪ್ಪಿಕೊಂಡ. ಚೌಕಾಸಿ ಶುರುವಾಯ್ತು. ಕೊನೆಗೆ ರಫೀಕ್ ಕಾರಿಗೆ ಹೊಸ ಕವರ್ ತಗೊಳ್ಳೋದು, ದುಡ್ಡು ಹಕ್ಕಿ ಹುಚ್ಚಿನವರಿಬ್ಬರೂ ಅರ್ಧರ್ಧ ಕೊಡೋದು ಅಂತ ತೀರ್ಮಾನ ಆಯ್ತು.

"ಒಳ್ಳೇದೇ ತಗೋತೀನಿ" ಅಂದ ರಫೀಕ್. "ಎಷ್ಟಾಯ್ತು ಅಂತ ಆಮೇಲೆ ಹೇಳ್ತೀನಿ."

"ಬರೀ ಹೇಳಿದ್ರೆ ಆಗಲ್ಲ" ಅಂದ ಸೀನ. "ಬಿಲ್ಲಿನ ಫೋಟೋ ಕಳಿಸು."